ಚಂದ್ರನನ್ನು ಬರೆಯಬೇಡಿ, ಬಿಡಿ

ಜಲವರ್ಣದ ಬೆಳದಿಂಗಳಲ್ಲಿ ಚಂದ್ರ ಎಂದರೆ ಬಣ್ಣ ತಾಗದೆ ಉಳಿದ ಕಾಗದ. ಬಿಳಿ ಬಣ್ಣ ಹಚ್ಚಿದ ಚಂದ್ರ ಬಿಲ್ಲೆಯಂತೆ ಮೇಲೆ ಕೂರುತ್ತಾನೆ, ಅಲ್ಲಾಡುವುದೇ ಇಲ್ಲ. ಗಾತ್ರದಲ್ಲೂ ಎಲ್ಲರೂ ಎಡವುತ್ತಾರೆ. ಕೈ ಚಾಚಿ ಕಿರುಬೆರಳು ಹಿಡಿಯಿರಿ, ಹುಣ್ಣಿಮೆಯ ಚಂದ್ರ ಅದರ ಅರ್ಧ ಅಗಲದಲ್ಲೇ ಮರೆಯಾಗುತ್ತಾನೆ.

ಅವನು ಸುಮಾರು 2 ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುತ್ತಾನೆ. ಆನೆಗುಂದಿಯ ಹೊಳೆದಂಡೆಯಲ್ಲಿ ಬಂಡೆಯ ನೆತ್ತಿಗೆ ತಾಗಿ ಕಂಡವನು ನೀವು ನೀರು ಬದಲಿಸುವಷ್ಟರಲ್ಲಿ ಅಲ್ಲಿರುವುದಿಲ್ಲ. ಆದ್ದರಿಂದ 5 ನಿಮಿಷದಲ್ಲಿ ಪೆನ್ಸಿಲ್ ಗುರುತು ಮುಗಿಸಿ, ಹಿಂಬದಿಗೆ ವೇಳೆ, ಗಾಳಿಯ ದಿಕ್ಕು ಬರೆದಿಡಿ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821–22ರಲ್ಲಿ ಮಾಡಿದ ಮೋಡದ ಅಧ್ಯಯನಗಳ ಹಿಂದೆಯೂ ಇಂಥ ಟಿಪ್ಪಣಿಗಳಿವೆ.

ಕ್ಷಣಿಕತೆ ಕಾಣುವುದು ಅಂಚಿನಲ್ಲಿ. ಮೋಡದ ಸುತ್ತಲೂ ಗೆರೆ ಗಟ್ಟಿಯಾದರೆ ಅದು ಹತ್ತಿಯುಂಡೆ. ಎಲ್ಲ ಕಡೆ ಕದಡಿದರೆ ಬರೀ ಹೊಗೆ. ಚಂದ್ರನ ಕಡೆಯ ಅಂಚು ಚೊಕ್ಕವಾಗಿರಲಿ, ಆಚೆಯದು ಆಕಾಶದಲ್ಲಿ ಕರಗಲಿ. ಚಂದ್ರನ ಅಂಚಿಗೂ ಇದೇ ಮಾತು: ಮೋಡ ಹಾಯುವ ಕಡೆ ಒದ್ದೆ ಕುಂಚದಿಂದ ಒಮ್ಮೆ ಸವರಿ ಸಡಿಲಿಸಿ. ಚಂದ್ರನ ಸುತ್ತ ಕಂದು ಬಳೆ ಕಂಡರೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ತೀರಾ ತೆಳ್ಳಗೆ ಸಾಕು.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದ ತಗೊಳ್ಳಿ. ಅಲ್ಟ್ರಾಮರೀನ್ ನೀಲಿ ಎರಡು ಪಾಲು, ಬರ್ಂಟ್ ಸಿಯೆನ್ನಾ ಒಂದು ಪಾಲು ಬೆರೆಸಿದರೆ ರಾತ್ರಿಯ ಬೂದು ಸಿಗುತ್ತದೆ. ಒಣಗಿದಾಗ ಬಣ್ಣ ತಿಳಿಯಾಗುತ್ತದೆ, ಹಾಗಾಗಿ ಕಣ್ಣಿಗೆ ಹೆಚ್ಚೆನಿಸುವಷ್ಟು ಗಾಢವಾಗಿಯೇ ಹಚ್ಚಿ.

ನಮ್ಮ ಕೊಪ್ಪಳದ ಬೇಸಿಗೆಯಲ್ಲಿ ದೊಡ್ಡ ತೊಂದರೆ ತೇವದ್ದು. ಎಪ್ರಿಲ್‌ನ ರಾತ್ರಿಯ ಬಿಸಿಗಾಳಿಗೂ ಆಕಾಶದ ಬಣ್ಣ ಅರ್ಧಕ್ಕೇ ಒಣಗಿ ಹಿಡಿದುಬಿಡುತ್ತದೆ. ಕಾಗದದ ಎರಡೂ ಮುಖ ನೆನೆಸಿ ಅಕ್ರಿಲಿಕ್ ಹಾಳೆಗೆ ಅಂಟಿಸಿ, ಬಣ್ಣದ ನೀರಿಗೆ ಎರಡು ಮೂರು ಹನಿ ಗ್ಲಿಸರಿನ್ ಹಾಕಿ. ಕಾಗದವನ್ನು ಓರೆಯಾಗಿ ನೋಡುತ್ತಿರಿ. ಹೊಳಪು ಇರುವವರೆಗೆ ಬಣ್ಣ ಹರಿಯುತ್ತದೆ, ಹೊಳಪು ಮಾಸಿ ತಂಪು ಉಳಿದಾಗ ಟಿಶ್ಯೂ ಒತ್ತಿ ಮೋಡವನ್ನು ಎತ್ತಬಹುದು. ಅದೇ ಹೊತ್ತಿಗೆ ನೀರು ತುಂಬಿದ ಕುಂಚ ತಾಗಿತೋ, ಹೊಸ ನೀರು ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ ಹೂಕೋಸಿನಂಥ ಕಲೆ ಮೂಡುತ್ತದೆ. ತಿದ್ದಲು ಹೋದರೆ ಕಲೆ ಇನ್ನೂ ಹರಡುತ್ತದೆ, ಒಣಗಲು ಬಿಡುವುದೇ ಸರಿ.

ಬಂಡೆ ಕೊನೆಗೆ, ಆಕಾಶ ಪೂರಾ ಒಣಗಿದ ಮೇಲೆ, ಒಣ ಕುಂಚದಲ್ಲಿ, ಕಡುಗಪ್ಪಾಗಿ. ಈ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ. ಇಡೀ ಚಿತ್ರದಲ್ಲಿ ಅತಿ ಹರಿತ ಅಂಚು ಇದಕ್ಕೇ ಮೀಸಲಿರಲಿ, ಆಗ ಪಕ್ಕದ ಮೋಡ ಹೊರಟು ನಿಂತಂತೆ ಕಾಣುತ್ತದೆ.