ದಾಳಿಂಬೆ ತಿಂದರೆ ರಕ್ತ ಏರುತ್ತಾ?

ಕಿಡ್ನಿ ಸೋತು ಡಯಾಲಿಸಿಸ್ (ಯಂತ್ರದಿಂದ ರಕ್ತ ಶುದ್ಧಿ) ಮಾಡಿಸಿಕೊಳ್ಳುವವರ ಹಿಮೋಗ್ಲೋಬಿನ್ ಇಳಿದಿದೆ ಅಂತ ಗೊತ್ತಾದರೆ ಸಾಕು, ವಿಜಯಪುರ, ಬಾಗಲಕೋಟೆ ಕಡೆ ನೋಡಲು ಬರುವ ಬೀಗರ ಚೀಲದಲ್ಲಿ ದಾಳಿಂಬೆ, ಒಣದ್ರಾಕ್ಷಿ, ಅಮೀನಗಡದ ಕರದಂಟು ಇರುತ್ತವೆ. ಪ್ರೀತಿಯಿಂದಲೇ ತಂದಿರುತ್ತಾರೆ. ಆದರೆ ಇವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯದ ಬಡಿತವೇ ಏರುಪೇರಾಗಬಹುದು.

ಇನ್ನು ರಕ್ತವಾದರೂ ಏರುತ್ತಾ ಅಂದರೆ, ಅದೂ ಇಲ್ಲ. ಕೆಂಪು ಕಣಗಳು ತಯಾರಾಗುವುದು ಮೂಳೆಯ ಮಜ್ಜೆಯಲ್ಲಿ. ತಯಾರಿಸು ಎಂದು ಅದಕ್ಕೆ ಹೇಳುವುದು ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು. ಅದು ಬರುವುದೇ ಹೆಚ್ಚಾಗಿ ಕಿಡ್ನಿಯಿಂದ. ಕಿಡ್ನಿ ಸೋತರೆ ಹೇಳುವವರೇ ಇಲ್ಲ! ಹಾಗಾಗಿ ಆ ಹಾರ್ಮೋನನ್ನು ಇಂಜೆಕ್ಷನ್ ಮೂಲಕ ಕೊಡುತ್ತಾರೆ. 1989ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಗುವ ಮೊದಲು ಮತ್ತೆ ಮತ್ತೆ ರಕ್ತ ಏರಿಸಬೇಕಾಗುತ್ತಿತ್ತು.

ಕಬ್ಬಿಣದ ಕಥೆಯೂ ಇದೆ. ಪ್ರತಿ ಸಲ ಡಯಾಲಿಸಿಸ್ ಯಂತ್ರದ ಫಿಲ್ಟರ್, ನಳಿಕೆಗಳಲ್ಲಿ ಸ್ವಲ್ಪ ರಕ್ತ, ಅದರ ಜೊತೆ ಕಬ್ಬಿಣವೂ ಉಳಿದುಬಿಡುತ್ತದೆ. ಸೋಂಕು, ಉರಿಯೂತ ಇದ್ದರೆ ಲಿವರ್ ಹೆಪ್ಸಿಡಿನ್ ಎಂಬ ಇನ್ನೊಂದು ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಅದು ಕರುಳಿನಿಂದ ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಅದಕ್ಕೇ ಎಷ್ಟೋ ಜನರಿಗೆ ಕಬ್ಬಿಣವನ್ನು ನೇರ ರಕ್ತನಾಳಕ್ಕೇ ಕೊಡುವುದು. ಹಿಮೋಗ್ಲೋಬಿನ್ 14 ಆಗಲೇಬೇಕು ಅಂತ ಹಠ ಹಿಡಿಯುವವರೂ ಇದ್ದಾರೆ. ಎರಿಥ್ರೋಪೊಯೆಟಿನ್ ಇಂಜೆಕ್ಷನ್‌ನಿಂದ ಅಷ್ಟು ಏರಿಸಿದರೆ ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಸಾಮಾನ್ಯವಾಗಿ 10ರಿಂದ 11.5ರ ನಡುವೆ ಇದ್ದರೆ ಡಾಕ್ಟರಿಗೆ ಸಮಾಧಾನ.

ಹಾಗಾದರೆ ಊಟದ ಕೆಲಸ ಏನು? ತುಂಬಾ ಇದೆ, ಆದರೆ ಬೇರೆ ಕಡೆ. ಡಯಾಲಿಸಿಸ್ ಶುರುವಾಗುವ ಮೊದಲು ಬೇಳೆ, ಮೊಟ್ಟೆ ಕಡಿಮೆ ಮಾಡಿ ಅಂದಿರುತ್ತಾರೆ. ಮನೆಯವರು ಅದೇ ಪಥ್ಯ ಮುಂದುವರಿಸುತ್ತಾರೆ. ನನಗೆ ಕಾಣುವಂತೆ ಎಲ್ಲಕ್ಕಿಂತ ದೊಡ್ಡ ಎಡವಟ್ಟು ಇದೇ. ಈಗ ಲೆಕ್ಕ ತಿರುಗಾಮುರುಗಾ. ಡಯಾಲಿಸಿಸ್ ಮಾಡುವಾಗ ರಕ್ತದ ಕಸದ ಜೊತೆ ಪ್ರೊಟೀನಿನ ಅಂಶಗಳೂ ಸೋರಿ ಹೋಗುತ್ತವೆ. ಹಾಗಾಗಿ ದಿನಕ್ಕೆ ಒಂದು ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕು. 60 ಕಿಲೋ ಇರುವವರಿಗೆ 60ರಿಂದ 72 ಗ್ರಾಂ ಆಯಿತು. ಮೊಟ್ಟೆಯ ಬಿಳಿಭಾಗ ಇದಕ್ಕೆ ಒಳ್ಳೆಯದು, ಸೋತ ಕಿಡ್ನಿ ಹೊರಹಾಕಲಾಗದ ರಂಜಕ (ಫಾಸ್ಫರಸ್) ಅದರಲ್ಲಿ ಕಡಿಮೆ. ಸಸ್ಯಾಹಾರಿಗಳು ಹೆಸರುಕಾಳು, ಮಡಿಕೆಕಾಳು, ಮೊಸರು ಎಷ್ಟು ತಿನ್ನಬಹುದು ಅಂತ ಆಹಾರತಜ್ಞರ ಹತ್ತಿರ ಅಳತೆ ಕೇಳಿಕೊಳ್ಳಬೇಕು. ರೊಟ್ಟಿ, ಅನ್ನ ಸಾಲದಿದ್ದರೆ ದೇಹ ಆ ಪ್ರೊಟೀನನ್ನೇ ಉರುವಲು ಮಾಡಿಕೊಳ್ಳುತ್ತದೆ. ಪಲ್ಯದ ತರಕಾರಿಯನ್ನು ಹೆಚ್ಚಿ, ಕುದಿಸಿ, ನೀರು ಬಸಿದರೆ ಪೊಟ್ಯಾಸಿಯಂ ಇಳಿಯುತ್ತದೆ. ಶೇಂಗಾ ಹಿಂಡಿ (ಚಟ್ನಿಪುಡಿ), ಉಪ್ಪಿನಕಾಯಿ ಮಾತ್ರ ನಾಲಿಗೆಗೆ ತಾಗಿಸುವಷ್ಟೇ.

ಹಳ್ಳಿಯಿಂದ ಬಸ್ಸಿನಲ್ಲಿ ಬಂದು, 4 ಗಂಟೆ ಮಲಗಿ, ಮತ್ತೆ ಬಸ್ಸು ಹಿಡಿಯುವ ದಿನ ಊಟ ತಪ್ಪುವುದೇ ಹೆಚ್ಚು. ಯಂತ್ರದ ಮೇಲಿದ್ದಾಗ ತಿಂದರೆ ಕೆಲವರಿಗೆ ಬಿಪಿ ಇಳಿಯುತ್ತದೆ. ಹಾಗಾಗಿ ಡಬ್ಬಿಯನ್ನು ಯಾವಾಗ ಬಿಚ್ಚಬೇಕು ಅಂತ ಅಲ್ಲಿನ ನರ್ಸನ್ನೇ ಕೇಳಿಕೊಳ್ಳಿ.