ವಾಲ್ಡಿವಿಯಾ ವೀನಸ್

ಈಕ್ವೆಡಾರ್‌ನ ಪೆಸಿಫಿಕ್ ಕರಾವಳಿಯಲ್ಲಿ ಸುಮಾರು ಕ್ರಿ.ಪೂ. 3500ರಿಂದ 1800ರವರೆಗೆ ಬಾಳಿದ ವಾಲ್ಡಿವಿಯಾ ಜನರ ಪುಟ್ಟ ಹೆಣ್ಣುಬೊಂಬೆಗಳಿಗೆ ಈ ಹೆಸರು. ಹೆಚ್ಚಿನವು ಅಂಗೈಯಲ್ಲಿ ಹಿಡಿಸುವಷ್ಟೇ ದೊಡ್ಡವು. ಈ ಸಂಸ್ಕೃತಿಯನ್ನು 1956ರಲ್ಲಿ ಗುರುತಿಸಿದವರು ಈಕ್ವೆಡಾರ್‌ನ ಪುರಾತತ್ವಜ್ಞ ಎಮಿಲಿಯೊ ಎಸ್ಟ್ರಾಡಾ.

ಮೊದಮೊದಲ ಬೊಂಬೆಗಳು ಚಪ್ಪಟೆ ಕಲ್ಲಿನವು. ಕಾಲು ತೋರಿಸಲು ಒಂದು ಗೀರು, ಅಷ್ಟೆ. ಮಣ್ಣಿಗೆ ಬಂದಾಗ ವಿಧಾನ ಬದಲಾಯಿತು. ಮಣ್ಣಿನ ಎರಡು ಬತ್ತಿ ಹೊಸೆದು, ಪಕ್ಕಪಕ್ಕ ಇಟ್ಟು ಒತ್ತಿದರೆ ಮೈ. ಕೆಳತುದಿಗಳನ್ನು ಬಿಡಿಯಾಗಿ ಉಳಿಸಿದರೆ ಕಾಲು. ಮೊಲೆಗಳನ್ನು ಆಮೇಲೆ ಅಂಟಿಸುತ್ತಿದ್ದರು. ಕೈಗಳು ಎದೆಯ ಕೆಳಗೆ ಮಡಚಿರುತ್ತವೆ, ಇಲ್ಲವೇ ಇರುವುದೇ ಇಲ್ಲ. ತಲೆಯ ಮೇಲೆ ಮಣ್ಣಿನ ದಪ್ಪ ಪದರ ಹೊದಿಸಿ, ಸಣ್ಣ ಗೆರೆ ಕೊರೆದು ಕೂದಲು ಮೂಡಿಸುತ್ತಿದ್ದರು. ಕಣ್ಣು, ಹುಬ್ಬು, ಬಾಯಿ ಬರೀ ಗೀರುಗಳು. ಹಲವಕ್ಕೆ ಕೆಮ್ಮಣ್ಣು ಬಳಿದು, ಉಜ್ಜಿ ಹೊಳಪು ಕೊಟ್ಟು ಸುಟ್ಟಿದ್ದಾರೆ.

ಮುಖಗಳು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವೆಲ್ಲ ಕೂದಲಲ್ಲಿ: ಕೆಲವಕ್ಕೆ ಬೆನ್ನಿಗಿಳಿದ ಜಡೆರಾಶಿ, ಕೆಲವಕ್ಕೆ ಅರ್ಧ ಬೋಳಿಸಿದ ತಲೆ. ಹಾಗಾಗಿ ಅರ್ಥ ಹುಡುಕುವವರು ಮೊದಲು ತಲೆಯನ್ನೇ ನೋಡಬೇಕು. ಹುಡುಗಿ ಮೈನೆರೆದು ತಾಯಿಯಾಗುವವರೆಗಿನ ಹಂತಗಳನ್ನು ಕೇಶವಿನ್ಯಾಸ ಹೇಳುತ್ತದೆ ಎಂಬುದು ಸಂಶೋಧಕಿ ಕೊಸ್ತಾಂಜಾ ಡಿ ಕಾಪುವಾ ಅವರ ವಾದ. ಎಳೆಯ ಮೈಯವೂ ಬಸುರಿಯರೂ ಈ ಬೊಂಬೆಗಳಲ್ಲಿ ಇರುವುದರಿಂದ ಈ ವಾದಕ್ಕೆ ತೂಕವಿದೆ. ಎರಡು ತಲೆಯ ಬೊಂಬೆಗಳು ಮಾತ್ರ ಈ ಚೌಕಟ್ಟಿಗೆ ಸುಲಭಕ್ಕೆ ಬಗ್ಗುವುದಿಲ್ಲ.

'ಫಲವಂತಿಕೆಯ ದೇವತೆ' ಎಂಬ ಚೀಟಿ ಅಂಟಿಸುವುದು ಸುಲಭ, ಆದರೆ ಸಿಕ್ಕ ಜಾಗಗಳು ಅದನ್ನು ಒಪ್ಪುವುದಿಲ್ಲ. ಬಹುಪಾಲು ಸಿಕ್ಕಿದ್ದು ವಾಸದ ನೆಲೆಗಳ ಕಸದಲ್ಲಿ, ಅದೂ ಮುರಿದ ಸ್ಥಿತಿಯಲ್ಲಿ. ದೇವರನ್ನು ತಿಪ್ಪೆಗೆ ಎಸೆಯುತ್ತಾರೆಯೇ? ರೋಗ ವಾಸಿಮಾಡುವ ವಿಧಿಯಲ್ಲಿ ಬಳಸಿ, ಕೆಲಸ ಮುಗಿದ ಮೇಲೆ ಬಿಸಾಡಿರಬಹುದು ಎಂದು ಪುರಾತತ್ವಜ್ಞೆ ಬೆಟ್ಟಿ ಮೆಗ್ಗರ್ಸ್ ಮತ್ತು ಸಂಗಡಿಗರು 1965ರಲ್ಲಿ ಸೂಚಿಸಿದರು. ಹಾಗೆಂದು ಪ್ರತಿ ಮುರುಕನ್ನೂ ವಿಧಿಯ ಗುರುತು ಎನ್ನಲಾಗದು. ಎರಡು ಬತ್ತಿ ಸೇರುವ ಗೆರೆ ಮತ್ತು ಕುತ್ತಿಗೆ ಹುಟ್ಟಿನಿಂದಲೇ ದುರ್ಬಲ. ಕೈಜಾರಿ ಬಿದ್ದರೂ ಅಲ್ಲೇ ಒಡೆಯುತ್ತದೆ. ದಪ್ಪ ಸೊಂಟ ಅಡ್ಡಕ್ಕೆ ಮುರಿದಿದ್ದರೆ ಬೇಕೆಂದೇ ಒಡೆದರೇ ಎಂದು ಕೇಳಬಹುದು.

ಹೆಣ್ಣಿಗಿದ್ದ ಸ್ಥಾನಕ್ಕೆ ಬೊಂಬೆಗಿಂತ ಗಟ್ಟಿ ಸಾಕ್ಷಿ ಇದೇ ಜನರ ರಿಯಲ್ ಆಲ್ಟೊ ಎಂಬ ನೆಲೆಯಲ್ಲಿದೆ: ಅಲ್ಲಿ ಒಬ್ಬ ಹೆಂಗಸಿನ ಸಮಾಧಿಯ ಸುತ್ತ ಅರೆಯುವ ಕಲ್ಲುಗಳನ್ನು ಜೋಡಿಸಿದ್ದಾರೆ.

ಮ್ಯೂಸಿಯಂನಲ್ಲಿ ಇಂಥ ಬೊಂಬೆ ಕಂಡರೆ, ಅದು ಎಲ್ಲಿ, ಅಗೆತದ ಯಾವ ಮಣ್ಣಿನ ಪದರದಲ್ಲಿ ಸಿಕ್ಕಿತೆಂದು ಫಲಕದಲ್ಲಿ ನೋಡಿ. ಆ ವಿವರವಿಲ್ಲದೆ ಮಾರುಕಟ್ಟೆಯಿಂದ ಬಂದದ್ದು ಕೂದಲ ಶೈಲಿ ತೋರಿಸೀತು, ಬಳಕೆಯ ಬಗ್ಗೆ ಏನನ್ನೂ ಹೇಳದು, ನಕಲಿಗಳೂ ಸಾಕಷ್ಟಿವೆ.