ಮರಿ ಎಣಿಸುವ ಲೆಕ್ಕ: ವಿಶ್ವವಿದ್ಯಾಲಯದ ಇನ್‌ಕ್ಯುಬೇಟರ್ ನಡೆದು ಬಂದ ದಾರಿ

ಹೊಸ ಕಂಪನಿ ಕಟ್ಟಲು ಹೊರಟವರಿಗೆ ನೆರವಾಗುವ ಕೇಂದ್ರಕ್ಕೆ ಇನ್‌ಕ್ಯುಬೇಟರ್ ಅನ್ನುತ್ತಾರೆ. ಆದರೆ ವಿಶ್ವವಿದ್ಯಾಲಯದ ಇನ್‌ಕ್ಯುಬೇಟರ್ ಅಂದರೆ ಏನು ಅಂತ ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರುತ್ತದೆ. ಒಬ್ಬರಿಗೆ ಅದು ಕಡಿಮೆ ಬಾಡಿಗೆಗೆ ಸಿಗುವ ಟೇಬಲ್ಲು, ವೈಫೈ. ಇನ್ನೊಬ್ಬರಿಗೆ ಮೂರು ತಿಂಗಳ ಕೋರ್ಸು. ಮತ್ತೊಬ್ಬರಿಗೆ ಹೂಡಿಕೆದಾರರ ಮುಂದೆ ನಿಂತು ಐದು ನಿಮಿಷ ಮಾತಾಡುವ ಅವಕಾಶ. ಪಕ್ಕದಲ್ಲೇ ಆಕ್ಸೆಲರೇಟರ್, ಪ್ರಿ-ಇನ್‌ಕ್ಯುಬೇಷನ್, ಮೇಕರ್‌ಸ್ಪೇಸ್ ಅಂತ ಇನ್ನಷ್ಟು ಬೋರ್ಡು. ಇವೆಲ್ಲ ಒಟ್ಟಿಗೆ ಹುಟ್ಟಿದ್ದಲ್ಲ. ಒಂದೊಂದು ಕಾಲದ ತೊಂದರೆಗೆ ಒಂದೊಂದು ಪರಿಹಾರ ಹುಡುಕಿದರು. ಹಳೆಯದನ್ನು ಯಾರೂ ತೆಗೆಯಲಿಲ್ಲ, ಹೊಸದನ್ನು ಅದರ ಮೇಲೇ ಪೇರಿಸುತ್ತಾ ಹೋದರು. ಗೋಜಲಾಗಿದ್ದು ಹಾಗೆ.

ಹೆಸರಿನಿಂದಲೇ ಶುರು ಮಾಡೋಣ. ಅದಕ್ಕೂ ವಿಶ್ವವಿದ್ಯಾಲಯಕ್ಕೂ ಸಂಬಂಧವೇ ಇಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಟಾವಿಯಾ ಎಂಬ ಊರಲ್ಲಿ ಮ್ಯಾಸಿ-ಹ್ಯಾರಿಸ್ ಕಂಪನಿಯ ಕೃಷಿ ಯಂತ್ರಗಳ ಕಾರ್ಖಾನೆ ಮುಚ್ಚಿಹೋಯಿತು. ಊರಿನ ಜನ ಕೆಲಸ ಕಳೆದುಕೊಂಡರು. ಸುಮಾರು 8.5 ಲಕ್ಷ ಚದರ ಅಡಿಯ ಕಟ್ಟಡ ಖಾಲಿ ಬಿತ್ತು. ಅದನ್ನು ಕೊಂಡ ಮ್ಯಾಂಕೂಸೊ ಕುಟುಂಬಕ್ಕೆ ಇಡೀ ಕಟ್ಟಡ ಹಿಡಿಯುವ ಒಬ್ಬ ಬಾಡಿಗೆದಾರನೂ ಸಿಗಲಿಲ್ಲ. 1959ರಲ್ಲಿ ಜೋಸೆಫ್ ಮ್ಯಾಂಕೂಸೊ ಅದನ್ನು ತುಂಡು ತುಂಡು ಮಾಡಿ ಸಣ್ಣ ಸಣ್ಣ ಉದ್ಯಮಗಳಿಗೆ ಕೊಟ್ಟರು. ಜಾಗದ ಜೊತೆಗೆ ಆಫೀಸಿನ ನೆರವು, ಸಾಲ ಹುಟ್ಟಿಸಲು ಸಹಾಯ, ಒಂದಿಷ್ಟು ಬುದ್ಧಿಮಾತು. ಬಾಡಿಗೆಗೆ ಬಂದವರಲ್ಲಿ ಕೋಳಿಮರಿ ಮಾಡಿಸುವ ಒಂದು ಕಂಪನಿಯೂ ಇತ್ತು. ಅದನ್ನು ನೋಡಿ ಮ್ಯಾಂಕೂಸೊ ತಮಾಷೆಗೆ ಈ ಜಾಗವನ್ನು ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಪೆಟ್ಟಿಗೆ, ಅಂದರು. ಹೆಸರು ಅಂಟಿಕೊಂಡಿತು.

ಅಂದರೆ ಇನ್‌ಕ್ಯುಬೇಟರ್ ಹುಟ್ಟಿದ್ದು ಖಾಲಿ ಕಟ್ಟಡ ತುಂಬಿಸಲು. ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿಶ್ವವಿದ್ಯಾಲಯದ ಕಡೆಯ ಕಥೆ ಇದಕ್ಕಿಂತ ಹಳೆಯದು. ಅಲ್ಲಿ ಕಟ್ಟಡವೇ ಇರಲಿಲ್ಲ, ಒಬ್ಬ ಮೇಷ್ಟ್ರು ಇದ್ದರು. ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಪಾಠ ಮಾಡುತ್ತಿದ್ದ ಫ್ರೆಡರಿಕ್ ಟರ್ಮನ್, ದೂರದಲ್ಲಿ ಕೆಲಸದಲ್ಲಿದ್ದ ಹಳೆಯ ವಿದ್ಯಾರ್ಥಿ ಡೇವಿಡ್ ಪ್ಯಾಕರ್ಡ್‌ಗೆ ಫೆಲೋಶಿಪ್ ಹೊಂದಿಸಿ ವಾಪಸ್ ಕರೆಸಿಕೊಂಡರು. ಪ್ಯಾಕರ್ಡ್ ಮತ್ತು ವಿಲಿಯಂ ಹ್ಯೂಲೆಟ್ 1939ರಲ್ಲಿ ಗ್ಯಾರೇಜಿನಲ್ಲಿ ಎಚ್‌ಪಿ ಕಂಪನಿ ಶುರು ಮಾಡಿದಾಗ ಕೈಯಲ್ಲಿದ್ದದ್ದು 538 ಡಾಲರ್. ಮೊದಲ ಉತ್ಪನ್ನ ಆಡಿಯೊ ಆಸಿಲೇಟರ್, ಧ್ವನಿ ಉಪಕರಣಗಳನ್ನು ಪರೀಕ್ಷಿಸುವ ಸಾಧನ. ಅದು ಹ್ಯೂಲೆಟ್ ಓದುವಾಗ ಮಾಡಿದ ಕೆಲಸದಿಂದಲೇ ಬಂದಿದ್ದು. ಟರ್ಮನ್ ಕೊಟ್ಟದ್ದು ಬಾಡಿಗೆ ಜಾಗವನ್ನಲ್ಲ. ಇಬ್ಬರನ್ನು ಜೊತೆಗೂಡಿಸಿದರು, ಧೈರ್ಯ ತುಂಬಿದರು, ತಮಗೆ ಗೊತ್ತಿದ್ದವರ ಪರಿಚಯ ಮಾಡಿಸಿದರು.

ಈ ಎರಡು ದಾರಿ ಸೇರಿದ್ದು 1970ರ ನಂತರ. 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಎಂಐಟಿ, ಕಾರ್ನೆಗಿ ಮೆಲನ್, ಆರೆಗಾನ್ ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗವಾಗಿ ನಾವೀನ್ಯ ಕೇಂದ್ರಗಳನ್ನು ತೆರೆಯಿತು. 1980ರಲ್ಲಿ ಟ್ರಾಯ್ ಊರಿನ ರೆನ್ಸೆಲರ್ ಸಂಸ್ಥೆ ಕ್ಯಾಂಪಸ್ಸಿನಲ್ಲೇ ಇನ್‌ಕ್ಯುಬೇಟರ್ ಶುರು ಮಾಡಿತು. ಕಂಪ್ಯೂಟರ್ ನಕ್ಷೆಗಳಿಗೆ ಹೆಸರಾದ ಮ್ಯಾಪ್‌ಇನ್ಫೊ ಕಂಪನಿಯನ್ನು 1986ರಲ್ಲಿ ಕಟ್ಟಿದ್ದು ಅಲ್ಲಿನ ನಾಲ್ವರು ವಿದ್ಯಾರ್ಥಿಗಳು. 1980ರಲ್ಲೇ ಅಮೆರಿಕದಲ್ಲಿ ಬೇ-ಡೋಲ್ ಕಾಯ್ದೆಯೂ ಬಂತು. ಸರ್ಕಾರದ ದುಡ್ಡಲ್ಲಿ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯವೇ ಇಟ್ಟುಕೊಳ್ಳಬಹುದು ಅಂತಾಯಿತು. ಆಮೇಲೆ ಚೀನಾ, ಇಸ್ರೇಲ್, ಯುರೋಪು, ಭಾರತ ಅಂತ ಎಲ್ಲ ಕಡೆ ಇದೇ ಅಚ್ಚು.

ಪೇಟೆಂಟಿನ ಜೊತೆ ಆಸೆಯೂ ಬಂತು. ತನ್ನಲ್ಲೇ ಹುಟ್ಟಿ, ತನ್ನದೇ ಪೇಟೆಂಟ್ ಆಗಿದ್ದ ಹುಡುಕಾಟದ ತಂತ್ರ ಬಳಸಲು ಗೂಗಲ್‌ಗೆ ಅನುಮತಿ ಕೊಟ್ಟಿದ್ದಕ್ಕೆ ಸ್ಟ್ಯಾನ್‌ಫರ್ಡ್‌ಗೆ 18 ಲಕ್ಷ ಷೇರು ಸಿಕ್ಕಿತ್ತು. ಅದನ್ನು ಮಾರಿದಾಗ ಬಂದದ್ದು 33.6 ಕೋಟಿ ಡಾಲರ್. ಈ ಸುದ್ದಿ ಕೇಳಿದ ಮೇಲೆ ಯಾವ ಆಡಳಿತ ಮಂಡಳಿಗೆ ತಾನೇ ನಿದ್ದೆ ಬರುತ್ತದೆ? ವಿದ್ಯಾರ್ಥಿ ಲ್ಯಾಬಿನಲ್ಲಿ ಮಾಡಿದ್ದು ಯಾರದ್ದು ಅನ್ನುವ ಜಗಳ ಈಗಲೂ ಮುಗಿದಿಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ ಅದು ಮಾಡಿದವರದ್ದೇ ಅಂತ ಸುಮ್ಮನೆ ಬಿಟ್ಟುಬಿಟ್ಟಿತು. ಅಲ್ಲಿ 2008ರಲ್ಲಿ ಶುರುವಾದ ವೆಲಾಸಿಟಿ ಮೊದಲು ಇನ್‌ಕ್ಯುಬೇಟರ್ ಕಟ್ಟಡವೂ ಆಗಿರಲಿಲ್ಲ. ಕಂಪನಿ ಕಟ್ಟುವ ಆಸೆ ಇರುವ ವಿದ್ಯಾರ್ಥಿಗಳು ಒಟ್ಟಿಗೆ ಇರುವ ಹಾಸ್ಟೆಲ್ಲು, ಅಷ್ಟೇ. ಮಧ್ಯರಾತ್ರಿ ಎರಡು ಗಂಟೆಗೆ ಕೋಡ್ ಕೈಕೊಟ್ಟರೆ ಪಕ್ಕದ ರೂಮಿನ ಬಾಗಿಲು ತಟ್ಟಬಹುದು. ಇದರ ಬೆಲೆ ಬ್ರೋಷರ್‌ನಲ್ಲಿ ಬರೆಯಲು ಆಗುವುದಿಲ್ಲ.

2005ರಲ್ಲಿ ಅಮೆರಿಕದಲ್ಲಿ ವೈ ಕಾಂಬಿನೇಟರ್ ಎಂಬ ಆಕ್ಸೆಲರೇಟರ್ ಬಂದು ಆಟದ ನಿಯಮ ಬದಲಾಯಿಸಿತು. ಅದು ವಿಶ್ವವಿದ್ಯಾಲಯದ್ದಲ್ಲ. ಜಾಗ ಕೊಡಲಿಲ್ಲ. ಸಣ್ಣ ಮೊತ್ತ, ಸಣ್ಣ ಪಾಲು, ಮೂರು ತಿಂಗಳು, ಎಲ್ಲರೂ ಒಂದೇ ಬ್ಯಾಚು. ಮೊದಲ ಬ್ಯಾಚಿಗೆ ಬಂದ ಸ್ಟೀವ್ ಹಫ್‌ಮನ್ ಮತ್ತು ಅಲೆಕ್ಸಿಸ್ ಒಹಾನಿಯನ್ ತಂದಿದ್ದ ಐಡಿಯಾ ಫೋನಿನಲ್ಲಿ ಊಟ ಆರ್ಡರ್ ಮಾಡುವುದು. ಅದು ಬೇಡ, ನೀವು ಬೇಕು, ಬೇರೆ ಏನಾದರೂ ಮಾಡಿ ಅಂದರು ವೈ ಕಾಂಬಿನೇಟರ್‌ನವರು. ಆ ಇಬ್ಬರು ಮಾಡಿದ್ದು ರೆಡ್ಡಿಟ್ ಎಂಬ ಚರ್ಚಾ ತಾಣ. ಕಂಪನಿಯನ್ನಲ್ಲ, ಮನುಷ್ಯರನ್ನು ಆರಿಸುವುದು ಅಂದರೆ ಇದು. ವಿಶ್ವವಿದ್ಯಾಲಯಗಳು ಇದರಿಂದ ಕಲಿತದ್ದು ಮೂರು ತಿಂಗಳ ಅವಧಿಯನ್ನು, ಕೊನೆಯ ದಿನದ ವೇದಿಕೆಯನ್ನು. ಮುಖ್ಯವಾದದ್ದು ಬಹಳ ಕಡೆ ದಾರಿಯಲ್ಲೇ ಉಳಿಯಿತು.

ಅಷ್ಟರಲ್ಲಿ ಎಂಐಟಿಯಲ್ಲಿ 2000ದಿಂದಲೇ ಒಂದು ಒಳ್ಳೆಯ ಅಭ್ಯಾಸ ನಡೆದಿತ್ತು. ಸ್ವಂತ ಲಾಭ ನೋಡದೆ ಬರುವ ಅನುಭವಿಗಳು ಒಬ್ಬರಲ್ಲ, ಮೂರು ನಾಲ್ಕು ಜನ ಒಟ್ಟಿಗೆ ಒಂದು ತಂಡದ ಎದುರು ಕೂರುವುದು. ಮಾರ್ಗದರ್ಶನ ಮಾಡುವ ಈ ಮೆಂಟರ್‌ಗಳೇ ತಮ್ಮತಮ್ಮಲ್ಲಿ ಒಪ್ಪದಿದ್ದಾಗ, ತೀರ್ಮಾನ ತನ್ನದೇ ಅಂತ ಕಂಪನಿ ಕಟ್ಟುತ್ತಿರುವ ಫೌಂಡರ್‌ಗೆ ಅರ್ಥವಾಗುತ್ತದೆ. 2011ರಲ್ಲಿ ಐ-ಕಾರ್ಪ್ಸ್ ಬಂತು, ಸಂಶೋಧಕರಿಗೆ ಗಿರಾಕಿಗಳನ್ನು ಅರಿಯಲು ಕಲಿಸುವ ಕಾರ್ಯಕ್ರಮ. ನಡೆಸಿದ್ದು ಅದೇ ವಿಜ್ಞಾನ ಪ್ರತಿಷ್ಠಾನ, ಪಾಠಕ್ರಮ ರೂಪಿಸಿದ್ದು ಉದ್ಯಮಿ ಸ್ಟೀವ್ ಬ್ಲ್ಯಾಂಕ್. ತಂಡದಲ್ಲಿ ಒಬ್ಬ ಪ್ರೊಫೆಸರ್, ಒಬ್ಬ ವಿದ್ಯಾರ್ಥಿ, ಒಬ್ಬ ಮೆಂಟರ್. ಸುಮಾರು ಏಳು ವಾರದಲ್ಲಿ 100 ಜನರನ್ನು ಭೇಟಿಯಾಗಬೇಕು. ಮಾರುವುದಕ್ಕಲ್ಲ, ಕೇಳುವುದಕ್ಕೆ.

ಈ ನೂರು ಭೇಟಿಯ ಪದ್ಧತಿ ನಾನು ಹತ್ತಿರದಿಂದ ಕಂಡದ್ದು. ಕೆಲವು ವರ್ಷ ಇಂಥದೇ ಒಂದು ಕೇಂದ್ರಕ್ಕೆ ಮೆಂಟರ್ ಆಗಿ ಹೋಗುತ್ತಿದ್ದೆ. ಒಬ್ಬ ಹುಡುಗಿ ಒಂದು ಸಾಧನ ತಂದಿದ್ದಳು. ಕಾರ್ಖಾನೆಗಳಲ್ಲಿ ಕಂಪ್ರೆಸರ್ ಒತ್ತಿ ಕಳಿಸುವ ಗಾಳಿಯಲ್ಲಿ ನೂರಕ್ಕೆ 20ರಿಂದ 30 ಭಾಗ ಪೈಪಿನ ಸಂದಿಗಳಲ್ಲೇ ಸೋರಿಹೋಗುವುದುಂಟು. ಅಷ್ಟೂ ಕರೆಂಟು ದಂಡ. ಕಿವಿಗೆ ಕೇಳಿಸದ ಸದ್ದು ಹಿಡಿದು ಎಲ್ಲಿ ಸೋರುತ್ತಿದೆ ಅಂತ ತೋರಿಸುವ ಪೆಟ್ಟಿಗೆ ಅವಳದ್ದು. ಸೊಗಸಾಗಿತ್ತು.

ಮೊದಲ ಹತ್ತು ಭೇಟಿಯಲ್ಲಿ ಅವಳು ಎಲ್ಲರನ್ನೂ ಕೇಳಿದ್ದು ಒಂದೇ: "ಇದು ನಿಮಗೆ ಉಪಯೋಗ ಆಗುತ್ತಾ ಸರ್?" ಎಲ್ಲರೂ "ಚೆನ್ನಾಗಿದೆ ಕಣಮ್ಮಾ" ಅಂದರು. ಎದುರಿಗೆ ನಿಂತ ಹುಡುಗಿಗೆ ಚೆನ್ನಾಗಿಲ್ಲ ಅಂತ ಯಾರು ಹೇಳುತ್ತಾರೆ? ಹೀಗಾಗಿ ಪ್ರಶ್ನೆ ಬದಲಾಯಿಸಲು ಹೇಳಿದೆವು. ಪೆಟ್ಟಿಗೆಯನ್ನು ಬ್ಯಾಗಿನಲ್ಲೇ ಇಡು. ಹೋದ ಸಲ ಗಾಳಿ ಸೋರಿದಾಗ ಏನು ಮಾಡಿದಿರಿ ಅಂತ ಮಾತ್ರ ಕೇಳು.

ಮುಂದಿನ ವಾರ ಅವಳು ಬಂದಾಗ ಮುಖ ಸಪ್ಪಗಿತ್ತು. ಒಬ್ಬ ಮೇಂಟೆನೆನ್ಸ್ ಸೂಪರ್‌ವೈಸರ್ ಹೇಳಿದ್ದರಂತೆ: "ಭಾನುವಾರ ಮೆಷಿನ್ನು ನಿಲ್ಲಿಸಿದಾಗ ಬಾಮ್ಮಾ, ಎಲ್ಲೆಲ್ಲಿ ಬುಸ್ ಅಂತಿದೆ ಅಂತ ನಿನಗೇ ಕೇಳುತ್ತೆ. ಹುಡುಕೋದು ಕಷ್ಟ ಅಲ್ಲ. ಸರಿ ಮಾಡೋಕೆ ಲೈನ್ ನಿಲ್ಲಿಸಬೇಕಲ್ಲ, ಅದಕ್ಕೆ ಯಾರು ಒಪ್ತಾರೆ?" ಲೈನ್ ನಿಲ್ಲಿಸುವ ಅಧಿಕಾರ ಇದ್ದದ್ದು ಪ್ರೊಡಕ್ಷನ್ ಮ್ಯಾನೇಜರ್‌ಗೆ. ಕರೆಂಟ್ ಬಿಲ್ ನೋಡುತ್ತಿದ್ದದ್ದು ಅಕೌಂಟ್ಸ್‌ನವರು. ತಲೆನೋವು ಒಬ್ಬರದ್ದು, ದುಡ್ಡು ಇನ್ನೊಬ್ಬರದ್ದು, ಒಪ್ಪಿಗೆ ಮೂರನೆಯವರದ್ದು. ಇದು ಯಾವ ಲ್ಯಾಬಿನಲ್ಲೂ ಗೊತ್ತಾಗುವ ವಿಷಯ ಅಲ್ಲ. ಅವಳು ಎರಡು ವರ್ಷ ಪೆಟ್ಟಿಗೆಗೆ ಕೊಟ್ಟಿದ್ದಳು. ಇದು ಗೊತ್ತಾಗಲು ಎರಡು ವಾರ ಸಾಕಾಯಿತು.

ಇಂಥ ಕಲಿಕೆಗೆ ಕಟ್ಟಡ ಬೇಕಾಗಿಲ್ಲ. ಹೊರಗೆ ಹೋಗಲು ಯಾರಾದರೂ ದೂಡಬೇಕು, ವಾಪಸ್ ಬಂದಾಗ ಮುಲಾಜಿಲ್ಲದೆ ಕೇಳುವವರು ಬೇಕು. ವಿದ್ಯಾರ್ಥಿಗೆ ಇನ್ನೊಂದು ಅನುಕೂಲವೂ ಇದೆ. ಓದಿಗೆ ಮಾಡುತ್ತಿದ್ದೇನೆ ಅಂದರೆ ಎಷ್ಟೋ ಬಾಗಿಲು ತೆರೆಯುತ್ತದೆ. ಅದೇ ಕಾರ್ಡಿನಲ್ಲಿ ಕಂಪನಿ ಹೆಸರು ಹಾಕಿಕೊಂಡು ಹೋದರೆ ಸೆಕ್ಯುರಿಟಿಯವರೇ ವಾಪಸ್ ಕಳಿಸುತ್ತಾರೆ.

ಆದರೆ ಲೆಕ್ಕ ಇನ್ನೂ ಬಟಾವಿಯಾ ಕಾಲದ್ದೇ. ಹಣ ಕೊಡುವವರು ಅಂಕಿ ಕೇಳುತ್ತಾರೆ, ಅದು ತಪ್ಪಲ್ಲ. ಕೇಂದ್ರ ನಡೆಸುವವರು ಸುಲಭವಾಗಿ ಎಣಿಸಬಹುದಾದ್ದನ್ನು ಎಣಿಸುತ್ತಾರೆ, ಅದೂ ತಪ್ಪಲ್ಲ. ಎಷ್ಟು ಸೀಟು ತುಂಬಿದೆ, ಎಷ್ಟು ಕಂಪನಿ ನೋಂದಣಿ ಆಯಿತು, ಎಷ್ಟು ಹೂಡಿಕೆ ಬಂತು. ಎಲ್ಲರೂ ಸರಿಯಾಗಿಯೇ ನಡೆದುಕೊಳ್ಳುತ್ತಾರೆ. ಆದರೂ ಇನ್ನೂ ಓದುತ್ತಿರುವ ಹುಡುಗರು ಅವಸರದಲ್ಲಿ ಕಂಪನಿ ನೋಂದಾಯಿಸಿ, ಗಿರಾಕಿ ಹುಡುಕುವ ಮೊದಲೇ ಆಡಿಟರ್ ಹುಡುಕುತ್ತಿರುತ್ತಾರೆ.

ಆ ಹುಡುಗಿಯ ತಂಡ ವರ್ಷದ ಕೊನೆಗೆ ಚದುರಿತು. ವರದಿಯಲ್ಲಿ ಕಂಪನಿಗಳಿಗೆ ಎರಡೇ ಕಾಲಂ ಇತ್ತು: ನಡೆಯುತ್ತಿದೆ, ಮುಚ್ಚಿದೆ. ಅವಳದ್ದು ಎರಡನೆಯದಕ್ಕೆ ಹೋಯಿತು. ಮೂರು ವರ್ಷದ ಮೇಲೆ ಅವಳೇ ಫೋನ್ ಮಾಡಿದಳು. ಬೇರೆ ಊರು, ಬೇರೆಯದೇ ಕೆಲಸ, ಹನ್ನೊಂದು ಜನರಿಗೆ ಸಂಬಳ ಕೊಡುತ್ತಿದ್ದಾಳೆ. ಏನೂ ತಯಾರಿಸುವ ಮೊದಲು ಎಷ್ಟು ಜನರನ್ನು ಭೇಟಿಯಾದೆ ಅಂತ ಕೇಳಿದೆ. ನಕ್ಕಳು. "ಅರವತ್ತು ಆದ ಮೇಲೆ ಎಣಿಸೋದು ಬಿಟ್ಟೆ ಸರ್" ಅಂದಳು. ಈ ಸಲ ಅವಳು ಯಾವ ಇನ್‌ಕ್ಯುಬೇಟರ್‌ನಲ್ಲೂ ಇಲ್ಲ. ನಮ್ಮ ಕೇಂದ್ರದ ಹಳೆಯ ವರದಿಯಲ್ಲಿ ಅವಳ ಹೆಸರಿನ ಎದುರು ಈಗಲೂ "ಮುಚ್ಚಿದೆ" ಅಂತಲೇ ಇದೆ.